ಹೊರಗಿನವಳ ಕರಜಿಕಾಯಿ

ಚಿನ್ನಮರಿ ಕೃತಿ,

ಪಕ್ಕದ ಕೋಣೆಯಲ್ಲಿ ನಿನ್ನ ಆನ್‌ಲೈನ್ ಕ್ಲಾಸು ನಡೆದಿದೆ. ಹೊರಗಿನ ಗಾಳಿ ಕೆಟ್ಟಿದೆಯೆಂದು ಮತ್ತೆ ಶಾಲೆ ಮುಚ್ಚಿದ್ದಾರೆ. ನಿಮ್ಮ ಮ್ಯಾಡಮ್ಮು "ಬಚ್ಚೋ, ಮ್ಯೂಟ್ ಕರೋ" ಎಂದು ಕೂಗುವುದು ಅಡುಗೆಮನೆಯ ತನಕ ಕೇಳುತ್ತಿದೆ. ನೀನು ಕ್ಯಾಮೆರಾದ ಮುಂದೆ ಜಾಣಮರಿಯ ಮುಖ ಮಾಡಿ, ಮೇಜಿನ ಕೆಳಗೆ ಕಾಲಲ್ಲಿ ಚೆಂಡು ಉರುಳಿಸುತ್ತಿರುತ್ತೀಯ. ನಾನು ಫ್ಯಾಕ್ಟರಿಗೆ ರಜೆ ಹಾಕಿ, ಹಿಟ್ಟಿನ ಡಬ್ಬಿಗಳನ್ನು ಬದಿಗೆ ಸರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದಲು ಬರುವುದಿಲ್ಲ. ಕಲಿಸುತ್ತೇನೆ, ಕಲಿಸುತ್ತೇನೆ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು. ಇಡೀ ದಿನ ಫರೀದಾಬಾದಿನ ಸಪ್ಲೈಯರುಗಳ ಜೊತೆ ಬೇರಿಂಗಿನ ರೇಟಿಗಾಗಿ ಹಿಂದಿಯಲ್ಲಿ ಜಗಳವಾಡುವವಳು ನಾನು, ಆದರೆ ಅಳು ಬಂದಾಗ ನನಗೆ ಹಿಂದಿ ಮರೆತುಹೋಗುತ್ತದೆ.

ನಿನಗೆ ಒಂದು ಥ್ಯಾಂಕ್ಸ್ ಹೇಳುವುದಿದೆ. ಎಂಟು ವರ್ಷದ ಮಗಳಿಗೆ ಅಮ್ಮ ಇಷ್ಟುದ್ದ ಥ್ಯಾಂಕ್ಸ್ ಬರೆಯುವುದೇ ಎಂದು ದೊಡ್ಡವಳಾದ ಮೇಲೆ ನಗುತ್ತೀಯೇನೋ. ನಗು. ಆದರೆ ಕೊನೆಯ ತನಕ ಓದು.

ಮೊದಲು ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಾನು ನಿನಗಿಂತ ಚಿಕ್ಕವಳಿದ್ದಾಗಲೇ ನನ್ನ ಅಮ್ಮ ಹೋದಳು. ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್. ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು, ಹಾಗಾಗಿ ನನ್ನನ್ನು ಹುಬ್ಬಳ್ಳಿಯ ಹಾಸ್ಟೆಲಿಗೆ ಸೇರಿಸಿದರು. ಹಾಸ್ಟೆಲಿನಲ್ಲಿ ಹಬ್ಬವೆಂದರೆ ಮೆಸ್ಸಿಗೆ ರಜೆ. ಎಲ್ಲರೂ ಊರಿಗೆ ಹೋದ ಮೇಲೆ, ಉಳಿದ ಮೂರ್ನಾಲ್ಕು ಮಕ್ಕಳಿಗೆ ವಾರ್ಡನ್ ಬನ್ನು, ಬಾಳೆಹಣ್ಣು ಹಂಚಿ ತಾವೂ ಹೊರಟುಬಿಡುತ್ತಿದ್ದರು. ದೀಪಾವಳಿ ಎಂದರೆ ನನ್ನ ಬಾಯಿಗೆ ಇವತ್ತಿಗೂ ಮೊದಲು ಬರುವುದು ಆ ಬನ್ನಿನ ರುಚಿ. ಮುಂದೆ ನಮ್ಮಪ್ಪನೂ ಹೋದರು. ದೆಹಲಿಗೆ ಕೆಲಸಕ್ಕೆ ಬಂದಾಗ ನನ್ನವರು ಎನ್ನಲು ನನಗೆ ಯಾರೂ ಇರಲಿಲ್ಲ, ಹಬ್ಬ ಎನ್ನಲು ಯಾವ ಮನೆಯೂ ಇರಲಿಲ್ಲ.

ನಿಮ್ಮಪ್ಪನನ್ನು ಮದುವೆಯಾಗಿ ಕಿದ್ವಾಯಿ ನಗರದ ಆ ಸರ್ಕಾರಿ ಕ್ವಾರ್ಟರ್ಸಿಗೆ ಕಾಲಿಟ್ಟ ವರ್ಷದ ದೀಪಾವಳಿಯನ್ನು ನಾನು ಮರೆಯಲಾರೆ. ಎರಡನೇ ಮಹಡಿಯ ಬಾಗಿಲಿಂದ ಕೆಳಗಿನ ಮೆಟ್ಟಿಲ ತನಕ ಚಪ್ಪಲಿಗಳು. ರೋಹಿಣಿ ಬಡಾವಣೆಯಿಂದ ತಾತನ ತಮ್ಮ, ಅವರ ಹೆಂಡತಿ ನಿನ್ನ ಸರಳಜ್ಜಿ, ಅವರ ಮಕ್ಕಳು, ತಾತನ ಆಫೀಸಿನ ಕನ್ನಡದವರು. ಅದು ಸಾಲದೆಂದು ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್ ಕೋಚಿಂಗಿಗೆ ಬಂದು ಒಂದೊಂದು ಕೋಣೆಯಲ್ಲಿ ಮೂವರು ಮಲಗುವ ಹುಡುಗ ಹುಡುಗಿಯರು. ಅವರಲ್ಲಿ ಯಾರು ಯಾವ ಕಡೆಯ ನೆಂಟರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಅತ್ತೆ, ನಿನ್ನ ಸುಮಿತ್ರಜ್ಜಿ, ಅವರ ಎಲೆಯ ಮುಂದೆ ನಿಂತು, "ಪ್ರಿಲಿಮ್ಸ್ ಆಗದಿದ್ರೂ ಚಿಂತೆ ಇಲ್ಲ, ಮೊದಲು ಊಟ ಆಗ್ಲಿ" ಎನ್ನುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ ಮಾರಾಯಿತಿ, ಅದೂ ಒಂದು ಬಗೆ ಇರುತ್ತದೆ.

ಅಜ್ಜಿ ನನಗೆ ಕರಜಿಕಾಯಿ ಕಲಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಣಕೊಬ್ಬರಿ, ಪುಟಾಣಿ ಹಿಟ್ಟು, ಸಕ್ಕರೆ, ಗಸಗಸೆ ಕಲಸುವುದು ಯಾರಿಗೂ ಬರುತ್ತದೆ. ಅಂಚು ಹೆಣೆಯುವುದೇ ಕಷ್ಟ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಚ್ಚನ್ನು ಅಜ್ಜಿ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಚೂರು ಚೂರೇ ಒಳಗೆ ಮಡಚಿ ಒತ್ತುತ್ತ ಹೋದರೆ ಅವರ ಕೈಯಲ್ಲಿ ಜಡೆ ಹೆಣೆದ ಹಾಗೆ ಸಾಲು ಬರುತ್ತಿತ್ತು. ನನ್ನವು ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಡುತ್ತಿದ್ದವು. ಪ್ರತಿ ವರ್ಷವೂ ಅಷ್ಟೇ. "ನಿನ್ನ ಹಾಗೇ ಇವೂ ಬಾಯಿ ಮುಚ್ಚಲ್ಲ" ಎಂದು ಅಜ್ಜಿ ನಗುತ್ತಿದ್ದರು, ಬಾಯಿಬಿಟ್ಟವನ್ನು ತಾವೇ ತಿಂದು ಮುಗಿಸುತ್ತಿದ್ದರು.

ನಿಮ್ಮಪ್ಪನೂ ನಾನೂ ಯಾಕೆ ಬೇರೆಯಾದೆವು ಎನ್ನುವುದು ಈ ಪತ್ರದ ವಿಷಯವಲ್ಲ. ಮಹಂತೇಶ್ ಕೆಟ್ಟವನಲ್ಲ, ನಾನೂ ಅಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೂ ಉಸಿರಾಡಲು ಆಗಲಿಲ್ಲ, ಅಷ್ಟೇ ಎಂದುಕೊ. ಆಗ ನಿನಗೆ ನಾಲ್ಕು ತುಂಬಿ ಐದು. ವಕೀಲರ ಮುಂದೆ ಕೂತು ನಿನ್ನನ್ನು ಹಂಚಿಕೊಂಡಾಗ, ಶಾಲೆಯ ದಿನಗಳು ನನಗಿರಲಿ, ಹಬ್ಬಗಳೆಲ್ಲ ಆ ಮನೆಗಿರಲಿ ಎಂದವಳು ನಾನೇ. ನನ್ನ ವಕೀಲೆ ಕಣ್ಣರಳಿಸಿ, "ಮೇಡಂ, ಅರ್ಧ ಹಬ್ಬಗಳನ್ನಾದರೂ ಕೇಳಿ" ಎಂದಿದ್ದರು. ಕೇಳಿ ಏನು ಮಾಡಲಿ? ನನ್ನ ಹತ್ತಿರ ನಿನಗೆ ಕೊಡಲು ಹಬ್ಬ ಇರಲಿಲ್ಲ. ಎರಡು ಕೋಣೆಯ ಫ್ಲಾಟು, ಆಫೀಸಿಗೆ ಸಪ್ಲೈಯರುಗಳು ಕಳಿಸುವ ಸೋನ್‌ಪಾಪಡಿಯ ಡಬ್ಬಗಳು, ಮತ್ತು ನಾನು. ನಿನ್ನ ಬಾಯಲ್ಲಿ ದೀಪಾವಳಿ ಬನ್ನಿನ ರುಚಿಯಾಗಿ ಉಳಿಯುವುದು ನನಗೆ ಬೇಡವಾಗಿತ್ತು.

ಅಂದಿನಿಂದ ಪ್ರತಿ ಹಬ್ಬಕ್ಕೂ ನಿನಗೆ ಲಂಗ ಹಾಕಿ, ಹೂ ಮುಡಿಸಿ, ಬಾಟಾ ಚೌಕದಲ್ಲಿ ಮೆಟ್ರೋ ಹತ್ತಿ, ಲಾಜಪತ್ ನಗರದಲ್ಲಿ ಬದಲಿಸಿ, ಆ ಕಾಲೋನಿಯ ಗೇಟಿನ ತನಕ ಬಂದು ಬಿಟ್ಟುಹೋಗುತ್ತಿದ್ದೆ. ನಿಮ್ಮಪ್ಪ ಕೆಳಗಿಳಿದು ಬಂದು ನಿನ್ನ ಕೈ ಹಿಡಿಯುತ್ತಿದ್ದ. ಮೇಲೆ ಬಾ ಎಂದು ಯಾರೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ನೀನು ಮೆಟ್ಟಿಲು ಹತ್ತುವಾಗ ಗೋಡೆಯ ಜಾಲಿಯಲ್ಲಿ ನಿನ್ನ ಲಂಗದ ಬಣ್ಣ ಒಂದು ಸಲ ಕಾಣಿಸುತ್ತಿತ್ತು. ಅದನ್ನು ನೋಡಿ ನಾನು ವಾಪಸ್ ಹೊರಡುತ್ತಿದ್ದೆ. ಗೇಟಿನ ಗಾರ್ಡು ಭಯ್ಯಾ ಮಾತ್ರ "ಹ್ಯಾಪಿ ದಿವಾಲಿ ಮೇಡಂ ಜಿ" ಅನ್ನುತ್ತಿದ್ದ.

ಮರುದಿನ ನೀನು ವಾಪಸ್ ಬರುವಾಗ ನಿನ್ನ ಬ್ಯಾಗಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇರುತ್ತಿತ್ತು. ಅದರ ಮುಚ್ಚಳದ ಮೇಲೆ ಅಜ್ಜಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ, ನೀನು ಬೆರಳಾಡಿಸುತ್ತಿದ್ದೆಯಲ್ಲ, ಅದೇ. ಅಜ್ಜಿ ಅದನ್ನು "ಕೃತಿಗೆ" ಎಂದು ಹೇಳಿ ಕಳಿಸುತ್ತಿದ್ದರು. ಒಂದು ಕರಜಿಕಾಯಿ ತಿಂದು ಅರ್ಧ ಬಿಡುವ ಮಗುವಿಗೆ ಡಬ್ಬಿಯ ತುಂಬ ಕರಜಿಕಾಯಿ! ಯಾರಿಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ಲ, ತೊಳೆದು ಒಂದು ಚಮಚ ಸಕ್ಕರೆ ಹಾಕಿ ಮುಂದಿನ ಹಬ್ಬಕ್ಕೆ ನಿನ್ನ ಬ್ಯಾಗಿನಲ್ಲಿ ಇಡುತ್ತಿದ್ದೆ. ನನಗೂ ನನ್ನ ಅತ್ತೆಗೂ ನಡುವೆ ಉಳಿದಿದ್ದ ಮಾತುಕತೆ ಅಷ್ಟೇ. ಅದನ್ನು ಹೊತ್ತು ತಿರುಗಿದವಳು ನೀನು, ಭಾರ ಎಂದು ಒಮ್ಮೆಯೂ ಗೊಣಗಲಿಲ್ಲ.

ಈ ಆಗಸ್ಟಿನಲ್ಲಿ ಅಜ್ಜಿ ಹೋದರು. ತರಕಾರಿ ತಂದು, ಚೀಲ ಕೆಳಗಿಟ್ಟು, ಸೋಫಾದ ಮೇಲೆ ಕೂತವರು ಏಳಲಿಲ್ಲ. ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ನಾನು ನಿನ್ನನ್ನು ಕರೆದುಕೊಂಡು ಓಡಿ ಬಂದೆ. ಅವತ್ತೂ ನೀನು ಮೇಲೆ ಹೋದೆ, ನಾನು ಕೆಳಗೆ ನಿಂತೆ. ಅಜ್ಜಿಯನ್ನು ಕೆಳಗೆ ತಂದಾಗ ಅವರ ಪಾದ ಮಾತ್ರ ಕಂಡಿತು, ಹಿಮ್ಮಡಿಯ ಬಿರುಕಿನಲ್ಲಿ ಅರಿಶಿನ ಇನ್ನೂ ಇತ್ತು. ಅವರ ಹಿಂದೆಯೇ ಇಳಿದು ಬಂದ ನೀನು ನನ್ನ ಪಕ್ಕದಲ್ಲಿ ನಿಂತಿದ್ದೆ. ನಾನು ಅಳುತ್ತಿದ್ದುದನ್ನು ನೋಡಿ ಸರಳಜ್ಜಿ ಹತ್ತಿರ ಬಂದು ಹೇಳಿದರು, "ನಿನಗೇನೂ ಇಲ್ಲ ಬಿಡಮ್ಮ. ಸೂತಕ ನಮಗೆ. ನೀನೀಗ ಹೊರಗಿನವಳು, ತಲೆಸ್ನಾನ ಕೂಡ ಮಾಡಬೇಕಾಗಿಲ್ಲ." ಅವರು ಸಮಾಧಾನಕ್ಕೆಂದೇ ಹೇಳಿದ್ದು. ಮನೆಗೆ ಬಂದು ನಲ್ಲಿಯ ಕೆಳಗೆ ಕೂತು ನಾನು ತಲೆಗೆ ನೀರು ಸುರಿದುಕೊಂಡೆ, ಸುರಿದುಕೊಳ್ಳುತ್ತಲೇ ಇದ್ದೆ. ಕೋರ್ಟು ಗಂಡನನ್ನು ಬಿಡಿಸಿತ್ತು. ಅತ್ತೆಯನ್ನೂ ಬಿಡಿಸಿದೆ ಎಂದು ನನಗೆ ಗೊತ್ತಾಗಿದ್ದು ಅವತ್ತು. ಯುಗಾದಿಗೆ ಬಂದಿದ್ದ ಡಬ್ಬಿ ನಮ್ಮ ಕಪಾಟಿನಲ್ಲೇ ಉಳಿದಿತ್ತು.

ದೀಪಾವಳಿ ಹತ್ತಿರ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವಂತಿಲ್ಲ. ತಾತನ ಮನೆಗೂ ಇಲ್ಲ, ರೋಹಿಣಿಯವರಿಗೂ ಇಲ್ಲ, ಅದೇ ಬಳ್ಳಿಯ ಕುಡಿಯಾದ ನಿನಗೂ ಇಲ್ಲ. ನೀನು ತಾತನ ಜೊತೆ ಫೋನಿನಲ್ಲಿ ಮಾತಾಡಿ ಬಂದು ನನ್ನ ಮುಂದೆ ನಿಂತೆ. ಯಾವುದೋ ಲೆಕ್ಕ ಬಿಡಿಸಿದ ಮುಖ.

"ಅಮ್ಮ, ತಾತ ಹೇಳಿದ್ರು, ಈ ಸಲ ಎಣ್ಣೆ ಇಡೋ ಹಾಗಿಲ್ಲ, ಕರಜಿಕಾಯಿ ನಹೀಂ ಬನೇಗಾ. ನಾವು ಯಾರೂ ಮಾಡೋ ಹಾಗಿಲ್ಲ. ಲೇಕಿನ್ ಹೊರಗಿನವರು ಮಾಡಿ ತಂದ್ರೆ ತಿನ್ನಬಹುದಂತೆ."

ನಾನು ಹೂಂ ಅಂದೆ. ಪಕ್ಕದ ಮನೆಯ ಪಂಜಾಬಿ ಆಂಟಿ ಮಿಠಾಯಿ ಕೊಟ್ಟಾರು ಎಂದುಕೊಂಡೆ.

"ಸರಳಜ್ಜಿ ಅವತ್ತು ಹೇಳಿದ್ರಲ್ಲ, ನೀನು ತೋ ಹೊರಗಿನವಳು ಅಲ್ವಾ? ಹಾಗಾದ್ರೆ ನೀನು ಮಾಡಬಹುದು! ಬರೀ ನೀನೇ ಮಾಡಬಹುದು ಅಮ್ಮ!"

ಆ ಮಾತು ನನ್ನ ಎದೆಗೆ ಹೇಗೆ ಬಡಿಯಿತೆಂದು ನಿನಗೆ ಗೊತ್ತಾಗಲಿಲ್ಲ. ಗೊತ್ತಾಗುವ ವಯಸ್ಸಲ್ಲ. ಮೊದಲು ನೋವಾಯಿತು, ನಿನ್ನ ಬಾಯಲ್ಲೂ ಅದೇ ಶಬ್ದವೇ ಎಂದು. ನೀನು ಮಾತ್ರ ಖುಷಿಯಿಂದ ಕುಣಿಯುತ್ತಿದ್ದೆ. ನನ್ನನ್ನು ಗೇಟಿನಲ್ಲಿ ನಿಲ್ಲಿಸಿದ್ದ ಮಾತನ್ನೇ ಹಿಡಿದು ನೀನು ನನ್ನನ್ನು ಮೇಲೆ ಹತ್ತಿಸಲು ಹೊರಟಿದ್ದೆ. ಆಗಲ್ಲ ಎಂದೆ. ನನ್ನವು ಬಾಯಿ ಬಿಡುತ್ತವೆ, ಎಣ್ಣೆಯೆಲ್ಲ ಹಾಳು, ತಾತನಿಗೆ ಸರಿ ಕಾಣುತ್ತದೋ ಇಲ್ಲವೋ. ನೀನು ನನ್ನ ಫೋನು ತೆಗೆದುಕೊಂಡು ಆಗಲೇ ತಾತನಿಗೆ ಕರೆ ಮಾಡಿದ್ದೆ. "ತಾತ, ಅಮ್ಮ ಹೊರಗಿನವಳಲ್ವಾ, ಅವಳು ತರಬಹುದಾ?" ಎಂದು ನೇರ ಕೇಳಿಬಿಟ್ಟೆ. ಆ ಕಡೆಯಿಂದ ತಾತ, "ತರಬಹುದಮ್ಮ" ಎಂದಿದ್ದು ನನಗೂ ಕೇಳಿಸಿತು.

ಇನ್ನು ದೀಪಾವಳಿಯ ಆ ಭಾನುವಾರದ ಬೆಳಗ್ಗೆ. ನಾನು ಹಿಟ್ಟು ನಾದುತ್ತಿದ್ದರೆ ನೀನು ಸ್ಟೂಲಿನ ಪಕ್ಕ ನಿಂತೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಪ್ರತಿ ಹಬ್ಬದಲ್ಲೂ ಅಜ್ಜಿಯ ಮಗ್ಗುಲಲ್ಲಿ ಕೂತು ಅಂಚು ಹೆಣೆದವಳು ನೀನು, ನಿನಗೆ ಆ ಕೈಕೆಲಸ ಬರುತ್ತಿತ್ತು. ನೀನೂ ಒಂದೆರಡು ಮಾಡು ಬಾ ಎಂದೆ. ನೀನು ಗಾಬರಿಯಾದೆ. "ನಾನು ಮುಟ್ಟಿದ್ರೆ ಅದು ಆ ಮನೆದಾಗತ್ತೆ ಅಮ್ಮ. ಆಮೇಲೆ ತಾತ ತಿನ್ನೋ ಹಾಗಿಲ್ಲ." ಅಷ್ಟೇನಿಲ್ಲ ಪುಟ್ಟಾ ಎಂದರೂ ಕೇಳಲಿಲ್ಲ. ಕೈ ಹಿಂದೆಯೇ ಇಟ್ಟುಕೊಂಡು, ಕತ್ತು ಮುಂದೆ ಚಾಚಿ ಹೇಳತೊಡಗಿದೆ. "ಹೆಬ್ಬೆರಳು ಒಳಗೆ. ಅಷ್ಟು ಜಾಸ್ತಿ ಅಲ್ಲ. ಥೋಡಾ ಸಾ. ಈಗ ಮಡಚು, ಒತ್ತು. ಅಲ್ಲ ಅಮ್ಮ, ಮೊದ್ಲು ನೀರು ಸವರು, ಅಜ್ಜಿ ನೀರು ಸವರ್ತಿದ್ರು." ನಾನು ಎಷ್ಟು ವರ್ಷ ಪಕ್ಕದಲ್ಲಿ ಕೂತರೂ ಅಜ್ಜಿ ನೀರು ಸವರುವುದನ್ನು ನೋಡಿಯೇ ಇರಲಿಲ್ಲ, ಮಾತಾಡುವುದರಲ್ಲೇ ಮುಳುಗಿರುತ್ತಿದ್ದೆ. ನಿನ್ನ ಬೆರಳುಗಳು ಬೆನ್ನ ಹಿಂದೆ ತಾವಾಗಿ ಗಾಳಿಯಲ್ಲಿ ಮಡಚುತ್ತ, ಒತ್ತುತ್ತ ಇದ್ದುದು ಫ್ರಿಜ್ಜಿನ ಬಾಗಿಲಲ್ಲಿ ಕಾಣುತ್ತಿತ್ತು.

ಎಣ್ಣೆಗೆ ಬಿಟ್ಟೆ. ಇಬ್ಬರೂ ಉಸಿರು ಹಿಡಿದು ನೋಡಿದೆವು. ಮೊದಲನೆಯದು ಬಾಯಿ ಬಿಡಲಿಲ್ಲ, ಎರಡನೆಯದೂ ಬಿಡಲಿಲ್ಲ. ನೀನು ಕೈ ಬಿಚ್ಚದೆಯೇ ಎಗರಿ ಎಗರಿ ಕುಣಿದೆ. ನಾನು ಒಲೆಯ ಕಡೆ ತಿರುಗಿ ಅತ್ತೆ. ಇವನ್ನು ನೋಡಬೇಕಾಗಿದ್ದವರು ಇಲ್ಲವಲ್ಲ ಎಂದು ಅತ್ತೆ. ನೀನು ಎಣ್ಣೆಯ ಹೊಗೆ ಎಂದುಕೊಂಡು ಎಕ್ಸಾಸ್ಟ್ ಫ್ಯಾನ್ ಹಾಕಿದೆ.

ಮೆಟ್ರೋ ಸ್ಟೇಷನ್ನಿನಲ್ಲಿ ಚೀಲವನ್ನು ಮಷಿನ್ನಿನೊಳಗೆ ಬಿಟ್ಟಾಗ ಗಾರ್ಡಿನವಳು ತೆಗೆದು ತೋರಿಸಿ ಎಂದಳು. ನೀನು ಎರಡು ಹೆಜ್ಜೆ ದೂರ ಸರಿದು, "ಗುಜಿಯಾ ಹೈ ದೀದಿ, ದಿವಾಲಿ ವಾಲಾ. ಆಪ್ ಛೂ ಸಕ್ತೇ ಹೋ, ಮೈಂ ನಹೀಂ" ಎಂದೆ, ನೀವು ಮುಟ್ಟಬಹುದು, ನಾನು ಮುಟ್ಟುವಂತಿಲ್ಲ ಎಂದು. ಅವಳಿಗೆ ಒಂದೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡಿ ನಕ್ಕು ಬಿಟ್ಟುಬಿಟ್ಟಳು. ಇಡೀ ದಾರಿ ಅಜ್ಜಿಯ ಡಬ್ಬಿ ನನ್ನ ತೊಡೆಯ ಮೇಲೆ. ನೀನು ಹತ್ತಿರ ಕೂತರೂ ತಾಕದ ಹಾಗೆ ಮೈ ಹಿಡಿದುಕೊಂಡಿದ್ದೆ.

ಗೇಟು ದಾಟುವಾಗ ನನ್ನ ಕಾಲು ನಿಂತಿತು, ರೂಢಿ. ನೀನು ನನ್ನ ದುಪಟ್ಟಾ ಹಿಡಿದು ಎಳೆದೆ, "ಚಲೋ ನಾ ಅಮ್ಮ." ಮೆಟ್ಟಿಲುಗಳ ಮೇಲೆ ಒಂದು ಚಪ್ಪಲಿಯೂ ಇರಲಿಲ್ಲ. ಮೇಲೆ ಬಾಗಿಲ ಹತ್ತಿರ ತಾತನದೊಂದು ಜೊತೆ, ನಿಮ್ಮಪ್ಪನದೊಂದು ಜೊತೆ. ನನ್ನ ಚಪ್ಪಲಿಯನ್ನು ಎಲ್ಲಿ ಬಿಡಲಿ ಎಂದು ನನಗೆ ತೋಚಲಿಲ್ಲ, ಅಷ್ಟು ಜಾಗವಿತ್ತು. ನಿಮ್ಮಪ್ಪ ಬಾಗಿಲು ತೆಗೆದು, "ಮೆಟ್ರೋದಲ್ಲಿ ರಶ್ ಇತ್ತಾ?" ಎಂದ. ಇರಲಿಲ್ಲ ಎಂದೆ. ಅಜ್ಜಿಯ ಫೋಟೋ ಟಿವಿಯ ಮೇಲೆ ಇತ್ತು. ನಾನು ಅದರ ಮುಂದೆ ನಿಂತೆ, ಕೈ ಮುಗಿಯಲು ಡಬ್ಬಿ ಕೆಳಗಿಡಬೇಕೆಂಬುದೂ ಹೊಳೆಯಲಿಲ್ಲ.

ತಾತ ಒಂದು ಕರಜಿಕಾಯಿ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿದರು. ಅಂಚಿನ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು. ಕೇಂದ್ರ ಸಚಿವಾಲಯದಲ್ಲಿ ಆಯುಷ್ಯವೆಲ್ಲ ಫೈಲು ನೋಡಿದ ಮನುಷ್ಯ, ಅದನ್ನೂ ಹಾಗೇ ನೋಡಿದರು. "ಅಂಚು ಬಿಚ್ಚಿಲ್ಲ" ಎಂದರು. "ಅಮ್ಮ ಮಾಡಿದ್ದು ತಾತ, ನಾನು ಮುಟ್ಟೇ ಇಲ್ಲ, ಪ್ರಾಮಿಸ್" ಎಂದು ನೀನು ಕೈ ಮುಂದೆ ಚಾಚಿ ತೋರಿಸಿದೆ. ಅವರು ತಿಂದರು. ನಿಧಾನಕ್ಕೆ, ಉದುರಿದ ಹೂರಣವನ್ನೂ ಅಂಗೈಯಲ್ಲಿ ಬಳಿದುಕೊಂಡು ತಿಂದರು. ನಿಮ್ಮಪ್ಪ ಒಂದು ತೆಗೆದುಕೊಂಡು ಬಾಲ್ಕನಿಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಹೊರಡುವಾಗ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದಿಟ್ಟೆ. ಅದು ಆ ಮನೆಯ ಡಬ್ಬಿ, ಮನೆ ಸೇರಲಿ ಎಂದುಕೊಂಡೆ. ನಿನ್ನನ್ನು ಅಲ್ಲೇ ಬಿಟ್ಟು ಇಳಿದು ಬಂದೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ "ಲಾವಣ್ಯಾ" ಎಂದು ಕೇಳಿತು. ಮಂಡಿ ನೋವಿನ ತಾತ, ಡಬ್ಬಿ ಹಿಡಿದುಕೊಂಡು ಎರಡು ಮಹಡಿ ಇಳಿದು ಬಂದಿದ್ದರು. ಏದುಸಿರು ಬಿಡುತ್ತಿದ್ದರು.

"ಡಬ್ಬಿ ಬಿಟ್ಟು ಹೋಗ್ತಿದ್ದೀಯಲ್ಲಮ್ಮ. ಖಾಲಿ ಕೊಡ್ತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡ, ಈಗ ನಾವು ಏನೂ ಹಾಕೋ ಹಾಗಿಲ್ಲ. ಸಂಕ್ರಾಂತಿಗೂ ನಮಗೆ ಮಾಡೋ ಹಾಗಿಲ್ಲ. ಯುಗಾದಿಗೂ ಇಲ್ಲ."

ಅಷ್ಟೇ ಹೇಳಿ ತಿರುಗಿ ಹೋದರು. ಬಾ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಲು ಅವರಿಗೆ ಇದನ್ನು ಬಿಟ್ಟು ಇನ್ಯಾವ ದಾರಿಯೂ ಇರಲಿಲ್ಲ.

ಕೃತಿ, ವಾಪಸ್ ಬರುವಾಗ ಮೆಟ್ರೋದಲ್ಲಿ ಖಾಲಿ ಡಬ್ಬಿಯನ್ನು ಅಪ್ಪಿಕೊಂಡು ಕೂತಿದ್ದೆ. ಸಂತೋಷ ಎನ್ನಲೋ ಏನೆನ್ನಲೋ. ಮುಂದಿನ ಆಗಸ್ಟಿಗೆ ಅಜ್ಜಿಯ ವರ್ಷ ತುಂಬುತ್ತದೆ. ಆಮೇಲೆ ಆ ಮನೆಯವರು ಮತ್ತೆ ಎಣ್ಣೆ ಇಡಬಹುದು, ಸರಳಜ್ಜಿ ಬಂದು ಕರಜಿಕಾಯಿ ಕರಿಯಬಹುದು, ಮೆಟ್ಟಿಲ ತನಕ ಚಪ್ಪಲಿಗಳು ತುಂಬಬಹುದು. ತುಂಬಲಿ, ನಿನ್ನ ಸಲುವಾಗಿ ನಾನು ಅದನ್ನೇ ಬೇಡುತ್ತೇನೆ. ಆದರೆ ಅವತ್ತು ಹೊರಗಿನವರ ಅಗತ್ಯ ಆ ಮನೆಗೆ ಇರುವುದಿಲ್ಲ. ನಾನು ಮತ್ತೆ ಗೇಟಿನ ತನಕ ಬಂದು ನಿನ್ನ ಲಂಗದ ಬಣ್ಣ ನೋಡಿ ಹಿಂದಿರುಗುತ್ತೇನೆ. ಅಜ್ಜಿಯ ಸಾವಿನ ದುಃಖ ಇರುವಷ್ಟು ದಿನ ಮಾತ್ರ ನನಗೆ ಆ ಮನೆಯ ಮೆಟ್ಟಿಲು. ಇಂಥದ್ದಕ್ಕೆ ಯಾರಾದರೂ ಕೃತಜ್ಞರಾಗಿರುತ್ತಾರೆಯೇ? ನಾನು ಆಗಿದ್ದೇನೆ.

ನಿನಗೆ ಥ್ಯಾಂಕ್ಸ್ ಅದಕ್ಕೇ. ದೊಡ್ಡವರೆಲ್ಲ ಸೇರಿ ನನಗೆ ಅಳುವ ಹಕ್ಕೂ ಇಲ್ಲವೆಂದು ತೀರ್ಮಾನಿಸಿದ್ದಾಗ ನನಗೊಂದು ಕೆಲಸ ಹುಡುಕಿಕೊಟ್ಟವಳು ನೀನು. ಹಬ್ಬವೇ ಇಲ್ಲದೆ ಬೆಳೆದವಳಿಗೆ ನೀನು ಮೂರು ವರ್ಷ ಬ್ಯಾಗಿನಲ್ಲಿ ಹಬ್ಬ ಹೊತ್ತು ತಂದೆ, ಈಗ ಅಜ್ಜಿಯ ಹೆಬ್ಬೆರಳನ್ನೂ ನನ್ನ ಕೈಗೆ ಕೊಟ್ಟೆ.

ನಿನ್ನ ಕ್ಲಾಸು ಮುಗಿಯಿತೆಂದು ಕಾಣುತ್ತದೆ, ಚೆಂಡಿನ ಸದ್ದು ಜೋರಾಗಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ನೂರು ವರ್ಷ ಬಾಳು ಕಂದಾ. ನಿನ್ನ ಮನೆಯ ಬಾಗಿಲಲ್ಲಿ ಯಾವಾಗಲೂ ಚಪ್ಪಲಿ ಬಿಡಲು ಜಾಗ ಸಾಲದಿರಲಿ. ನೀನು ಒಲಿದ ಯಾವ ಮನೆಯೂ ನಿನ್ನನ್ನು ಕೆಳಗೆ ನಿಲ್ಲಿಸದಿರಲಿ.

ಸಂಕ್ರಾಂತಿಗೆ ನಾನು ಎಳ್ಳು ಹುರಿಯುವಾಗ ಪಕ್ಕದಲ್ಲೇ ನಿಂತಿರು, ಹೀಗೇ, ಕೈ ಹಿಂದೆ ಕಟ್ಟಿಕೊಂಡು. ಮುಟ್ಟಬೇಡ ಮಗಳೇ.

ನಿನ್ನ,
ಅಮ್ಮ